ಕಾರಿನ ಕಾರ್ಪೆಟ್‌ಗೆ ಅಂಟಿದ ಚ್ಯೂಯಿಂಗ್ ಗಮ್ ಬಿಡಿಸುವ ಬಗೆ

ಬೇಸಿಗೆಯ ಮಧ್ಯಾಹ್ನ ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಅರ್ಧ ಗಂಟೆಯಲ್ಲೇ ಹೊರಗಿಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಏರುತ್ತದೆ. ಹೊರಗೆ 38 ಡಿಗ್ರಿ ಇದ್ದರೆ ಒಳಗೆ 55 ಡಿಗ್ರಿಗೂ ಮೀರಿದ ಕಾವು. ಹಿಂದಿನ ಸೀಟಿನಲ್ಲಿ ಕುಳಿತ ಮಗುವಿನ ಬಾಯಿಂದ ಜಾರಿ ಕಾರ್ಪೆಟ್ ಮೇಲೆ ಬಿದ್ದ ಚ್ಯೂಯಿಂಗ್ ಗಮ್ ಈ ಕಾವಿಗೆ ಮೆತ್ತಗಾಗಿ, ಎಳೆಗಳ ನಡುವೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಅದರ ಮೇಲೆ ಯಾರಾದರೂ ಕಾಲಿಟ್ಟರಂತೂ ನೇರವಾಗಿ ಬುಡಕ್ಕೇ ಸೇರಿಬಿಡುತ್ತದೆ. ಹೀಗಾಗಿ ನಮ್ಮ ಬಯಲುಸೀಮೆಯಲ್ಲಿ ಗಮ್ ಬಿಡಿಸುವ ಕೆಲಸವನ್ನು ಯಾವ ಹೊತ್ತಿನಲ್ಲಿ ಕೈಗೆತ್ತಿಕೊಳ್ಳುತ್ತೇವೆ ಎಂಬುದು ಬಹಳ ಮುಖ್ಯ. ಗಮ್ ಕಂಡ ಕೂಡಲೇ ಕೆರೆಯಲು ಹೋಗದೆ, ಕಾರನ್ನು ರಾತ್ರಿ ನೆರಳಿನಲ್ಲಿ ತಣಿಯಲು ಬಿಟ್ಟು, ಬೆಳಗ್ಗೆ ಬಿಸಿಲೇರುವ ಮೊದಲು ಆರಂಭಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಅಲ್ಲಿಯವರೆಗೆ ಯಾರೂ ತುಳಿಯದಂತೆ ಅದರ ಮೇಲೆ ಒಂದು ಬಟ್ಟಲನ್ನು ಬೋರಲು ಹಾಕಿಟ್ಟರೆ ಸಾಕು.

ನೀರು ಹಾಕಿ ಉಜ್ಜಿದರೆ ಗಮ್ ಏಕೆ ಹೋಗುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಗಮ್‌ನಲ್ಲಿರುವ ಸಕ್ಕರೆ ಮತ್ತು ಸ್ವಾದ ಅಗಿಯುವಾಗಲೇ ಎಂಜಲಿನಲ್ಲಿ ಕರಗಿ ಹೋಗಿರುತ್ತವೆ. ಬಾಯಲ್ಲಿ ಕೊನೆಗೆ ಉಳಿಯುವುದು ನೀರಿಗೆ ಜಗ್ಗದ ರಬ್ಬರಿನಂಥ ಅಂಟು ಮಾತ್ರ. ಹಿಂದೆ ಈ ಅಂಟನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಸಪೋಟ ಮರದ ಹಾಲಿನಿಂದ ತೆಗೆಯುತ್ತಿದ್ದರು. ನಮ್ಮ ತೋಟಗಳ ಎಳೆಯ ಸಪೋಟ ಕಾಯಿಯನ್ನು ಕಿತ್ತಾಗ ಬೆರಳಿಗೆ ಮೆತ್ತಿಕೊಂಡು ತೊಳೆದರೂ ಹೋಗದ ಆ ಬಿಳಿ ಹಾಲೂ ಇದೇ ಮರದ್ದು. ಇಂದಿನ ಗಮ್‌ಗಳಲ್ಲಿ ಅದರ ಬದಲಿಗೆ ಹೆಚ್ಚಾಗಿ ಪಾಲಿಐಸೊಬ್ಯುಟಿಲೀನ್, ಪಾಲಿವಿನೈಲ್ ಅಸಿಟೇಟ್ ಮುಂತಾದ ಕೃತಕ ಪದಾರ್ಥಗಳಿರುತ್ತವೆ. ಇಂಥ ಅಂಟಿನಲ್ಲಿ ನಮಗೆ ಉಪಯೋಗಕ್ಕೆ ಬರುವ ಗುಣಗಳು ಎರಡು: ತಣ್ಣಗಾದಾಗ ಅದು ಬಿರುಸಾಗಿ ಮುರಿಯುತ್ತದೆ, ಎಣ್ಣೆ ತಾಗಿದಾಗ ಹಿಡಿತ ಬಿಡುತ್ತದೆ. ಮೊದಲು ಐಸ್, ಆಮೇಲೆ ಎಣ್ಣೆ ಎಂಬ ಕ್ರಮ ಇದರಿಂದಲೇ ಬಂದದ್ದು. ಈ ಕ್ರಮವನ್ನು ಹಿಂದುಮುಂದಾಗಿಸಿ ಮೊದಲೇ ಎಣ್ಣೆ ಹಾಕಿದರೆ, ಮೆತ್ತಗಾದ ಗಮ್ ಹರಡಿಕೊಂಡು ಒಂದು ರೂಪಾಯಿ ಅಗಲದ ಕಲೆ ಅಂಗೈ ಅಗಲಕ್ಕೆ ಬೆಳೆಯುತ್ತದೆ.

ಬೇಕಾದ ಸಾಮಾನುಗಳೆಲ್ಲ ಮನೆಯಲ್ಲೇ ಇರುತ್ತವೆ. ಫ್ರೀಜರ್‌ನ ಐಸ್ ತುಂಡುಗಳು, ಸೋರದ ಎರಡು ಪ್ಲಾಸ್ಟಿಕ್ ಕವರ್, ಸ್ಟೀಲ್ ಚಮಚ, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ಹತ್ತಿ ಬಟ್ಟೆಯ ಕೆಲವು ತುಂಡು, ಸ್ವಲ್ಪ ಎಣ್ಣೆ ಮತ್ತು ಪಾತ್ರೆ ತೊಳೆಯುವ ದ್ರವ. ಬಟ್ಟೆ ಬಿಳಿಯದೇ ಆಗಿರಲಿ, ಏಕೆಂದರೆ ಬಣ್ಣದ ಬಟ್ಟೆ ತನ್ನ ಬಣ್ಣವನ್ನು ಕಾರ್ಪೆಟ್‌ಗೆ ಬಿಡಬಹುದು. ಕಾರ್ಪೆಟ್ ತಾನೇ ಬಣ್ಣ ಬಿಡುತ್ತಿದ್ದರೆ ಅದೂ ಬಿಳಿ ಬಟ್ಟೆಯ ಮೇಲೆ ಕೂಡಲೇ ಕಾಣುತ್ತದೆ. ಗಮ್ ಅಂಟಿರುವುದು ತೆಗೆಯಲು ಬರುವ ಮ್ಯಾಟ್‌ಗೆ ಆಗಿದ್ದರೆ ಇಷ್ಟೆಲ್ಲ ತಯಾರಿಯೂ ಬೇಡ. ಮ್ಯಾಟನ್ನು ಮಡಿಸಿ ದೊಡ್ಡ ಕವರಿನಲ್ಲಿ ಕಟ್ಟಿ, ಫ್ರೀಜರ್ ಹಿಡಿದರೆ ಒಂದೆರಡು ಗಂಟೆ ಅದರಲ್ಲಿಟ್ಟು ಹೊರತೆಗೆದರೆ ಗಮ್ ಬಹುಪಾಲು ಇಡಿಯಾಗಿಯೇ ಎದ್ದು ಬರುತ್ತದೆ. ಕಷ್ಟವಿರುವುದು ನೆಲಕ್ಕೆ ಅಂಟಿಸಿರುವ ಕಾರ್ಪೆಟ್‌ನಲ್ಲಿ.

ನೆಲದ ಕಾರ್ಪೆಟ್ ಆಗಿದ್ದರೆ ಐಸ್ ತುಂಡುಗಳನ್ನು ಒಂದು ಕವರಿನಲ್ಲಿ ಹಾಕಿ ಬಾಯಿ ಬಿಗಿದು, ಅದನ್ನು ಇನ್ನೊಂದು ಕವರಿನೊಳಗಿಟ್ಟು ಗಮ್ ಮೇಲೆ ಒತ್ತಿ ಹಿಡಿಯಬೇಕು. ಹತ್ತರಿಂದ ಹದಿನೈದು ನಿಮಿಷ ತಾಳ್ಮೆಯಿಂದ ಕಾಯಬೇಕು. ಮೇಲ್ಮೈ ತಣ್ಣಗಾಯಿತೆಂದು ಎರಡೇ ನಿಮಿಷಕ್ಕೆ ಐಸ್ ಎತ್ತಿದರೆ ಒಳಗಿನ ಗಮ್ ಇನ್ನೂ ಮೆತ್ತಗೇ ಇದ್ದು ಚಮಚಕ್ಕೆ ಎಳೆಎಳೆಯಾಗಿ ಬರುತ್ತದೆ. ಬೇಸಿಗೆಯಲ್ಲಿ ಬರೀ ಐಸ್ ಸಾಲದೆ ಹೋಗುವುದೂ ಉಂಟು. ಆಗ ಪುಡಿ ಮಾಡಿದ ಐಸ್‌ಗೆ ಅದರ ಮೂರರಲ್ಲಿ ಒಂದು ಪಾಲಿನಷ್ಟು ಕಲ್ಲುಪ್ಪು ಬೆರೆಸಿದರೆ ಮಿಶ್ರಣದ ತಂಪು ಶೂನ್ಯ ಡಿಗ್ರಿಗಿಂತ ಬಹಳ ಕೆಳಗೆ ಇಳಿಯುತ್ತದೆ. ಕುಲ್ಫಿ ಮಾರುವವರು ತಮ್ಮ ಮಡಕೆಯ ಸುತ್ತ ಐಸ್‌ಗೆ ಉಪ್ಪು ಸುರಿಯುವುದು ಇದೇ ಕಾರಣಕ್ಕೆ. ಆದರೆ ಉಪ್ಪುನೀರು ಕಾರ್ಪೆಟ್‌ನ ಕೆಳಗೆ ಸೋರಿದರೆ ನೆಲದ ಲೋಹಕ್ಕೆ ತುಕ್ಕು ಹಿಡಿಯುವ ಅಪಾಯವಿರುವುದರಿಂದ, ಕವರಿನಲ್ಲಿ ಸೂಜಿಮೊನೆಯಷ್ಟು ತೂತೂ ಇಲ್ಲವೆಂದು ಮೊದಲೇ ನೀರು ತುಂಬಿ ನೋಡಿಕೊಂಡಿರಬೇಕು. ಐಸನ್ನು ಬರಿಗೈಯಲ್ಲಿ ಒತ್ತಿ ಹಿಡಿಯುವ ಬದಲು ದಪ್ಪ ಬಟ್ಟೆಯೊಂದನ್ನು ನಡುವೆ ಇಟ್ಟುಕೊಳ್ಳುವುದು ಒಳ್ಳೆಯದು. ಉಪ್ಪು ಬೆರೆತಾಗಲಂತೂ ಇದು ಕಡ್ಡಾಯ.

ಗಮ್ ಗಟ್ಟಿಯಾಯಿತೇ ಎಂದು ತಿಳಿಯಲು ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಬೀಳದೆ ಕಲ್ಲಿನ ಹರಳಿನಂತೆ ನಿಂತರೆ ಸಿದ್ಧವಾಗಿದೆ ಎಂದರ್ಥ. ಈಗ ಚಮಚವನ್ನು ತಿರುಗಿಸಿ ಹಿಡಿದು, ಅದರ ಅಂಚನ್ನು ಗಮ್‌ನ ಹೊರ ಅಂಚಿಗೆ ಇಟ್ಟು ಒಳಮುಖವಾಗಿ ಮೀಟಬೇಕು. ಚೆನ್ನಾಗಿ ಗಟ್ಟಿಯಾದ ಗಮ್ ಸಣ್ಣ ಸದ್ದಿನೊಂದಿಗೆ ಬಿರುಕು ಬಿಟ್ಟು, ಬಿರುಕಿನ ಉದ್ದಕ್ಕೂ ಬೆಳ್ಳಗಾಗಿ ಚೂರುಚೂರಾಗಿ ಉದುರುತ್ತದೆ. ಆ ಚೂರುಗಳನ್ನು ಆಗಿಂದಾಗಲೇ ಎತ್ತಿ ಕಾಗದದಲ್ಲಿ ಹಾಕಿಕೊಳ್ಳಬೇಕು, ಇಲ್ಲವೇ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದುಕೊಳ್ಳಬೇಕು. ಅಲ್ಲೇ ಬಿಟ್ಟರೆ ಎರಡು ಮೂರು ನಿಮಿಷಗಳಲ್ಲಿ ಅವು ಮತ್ತೆ ಮೆತ್ತಗಾಗಿ ಬೇರೆ ಕಡೆ ಹಿಡಿದುಕೊಳ್ಳುತ್ತವೆ. ಗಮ್ ಬಗ್ಗಲು ಶುರುವಾದ ಕೂಡಲೇ ಚಮಚ ಕೆಳಗಿಟ್ಟು ಮತ್ತೆ ಐಸ್ ಇಡಬೇಕು. ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ಹರಿತವಾದ ಚಾಕು ಅಥವಾ ಬ್ಲೇಡ್ ಎಳೆಗಳನ್ನೇ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಜಾಗ ಗಮ್ ಕಲೆಗಿಂತ ಎದ್ದು ಕಾಣುತ್ತದೆ, ಅದಕ್ಕೆ ಆಮೇಲೆ ಪರಿಹಾರವೂ ಇಲ್ಲ.

ಎಷ್ಟೇ ಜಾಗರೂಕತೆಯಿಂದ ಕೆರೆದರೂ ಎಳೆಗಳ ಬುಡದಲ್ಲಿ ತೆಳುವಾದ ಅಂಟು ಉಳಿದೇ ಉಳಿಯುತ್ತದೆ. ಬೆರಳಿನಿಂದ ಎಳೆಗಳನ್ನು ಸರಿಸಿ ಬೆಳಕಿಗೆ ಹಿಡಿದು ನೋಡಿದರೆ, ಎರಡು ಮೂರು ಎಳೆಗಳು ಒಟ್ಟಿಗೆ ಹೆಣೆದುಕೊಂಡು ಸಣ್ಣ ಜಡೆಯಾಗಿ ನಿಂತಿರುವುದು ಕಾಣುತ್ತದೆ. ಎಣ್ಣೆಯ ಸರದಿ ಬರುವುದು ಇಲ್ಲಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನೀಲಗಿರಿ ತೈಲ ಇದಕ್ಕೆ ಬಹಳ ಒಳ್ಳೆಯದು. ಅಂಟನ್ನು ಬೇಗ ಸಡಿಲಿಸುತ್ತದೆ, ಅಡುಗೆ ಎಣ್ಣೆಯಷ್ಟು ಜಿಡ್ಡನ್ನೂ ಬಿಡುವುದಿಲ್ಲ. ಅದಿಲ್ಲದಿದ್ದರೆ ಶೇಂಗಾ ಎಣ್ಣೆಯೂ ಆಗುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಇರುವ ನಮ್ಮ ಸೀಮೆಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾದ ಪ್ರಮೇಯವೇ ಇಲ್ಲ. ಯಾವ ಎಣ್ಣೆಯಾದರೂ ಮೊದಲು ಸೀಟಿನ ಕೆಳಗಿನ ಕಾಣದ ಮೂಲೆಯಲ್ಲಿ ಒಂದು ಹನಿ ಹಚ್ಚಿ, ಹತ್ತು ನಿಮಿಷದ ನಂತರ ಬಿಳಿ ಬಟ್ಟೆಯಿಂದ ಒರೆಸಿ ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಣ್ಣೆಯನ್ನು ಕಾರ್ಪೆಟ್ ಮೇಲೆ ಸುರಿಯದೆ ಬಟ್ಟೆಗೆ ಒಂದೆರಡು ಹನಿ ಹಾಕಿ, ಅಂಟು ಉಳಿದ ಎಳೆಗಳಿಗಷ್ಟೇ ಒತ್ತಿ, ಐದು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬುಡದಿಂದ ತುದಿಯ ಕಡೆಗೆ ಬಾಚಬೇಕು. ಗಮ್ ಸಣ್ಣ ಉಂಡೆಗಳಾಗಿ ಬ್ರಷ್‌ಗೆ ಬರುತ್ತದೆ. ಪ್ರತಿ ಸಲವೂ ಬ್ರಷ್ ಒರೆಸಿಕೊಳ್ಳದಿದ್ದರೆ ಬಂದದ್ದೇ ಮರಳಿ ಕಾರ್ಪೆಟ್‌ಗೆ ಹತ್ತುತ್ತದೆ.

ಗಮ್ ಹೋದ ಮೇಲೆ ಎಣ್ಣೆಯನ್ನು ಹಾಗೆಯೇ ಬಿಡುವಂತಿಲ್ಲ. ಚಿತ್ರದುರ್ಗ, ಹಿರಿಯೂರು, ಜಗಳೂರು ಕಡೆಯ ದೂಳು ಜಿಡ್ಡಿನ ಮೇಲೆ ಕುಳಿತರೆ ವಾರದೊಳಗೆ ಅಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಿಕ್ಕ ಚಮಚದಷ್ಟು ಪಾತ್ರೆ ತೊಳೆಯುವ ದ್ರವ ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಜಿಡ್ಡನ್ನು ಒತ್ತಿ ಒತ್ತಿ ತೆಗೆದು, ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ, ಕೊನೆಗೆ ಒಣ ಬಟ್ಟೆಯನ್ನು ಅಂಗೈಯಿಂದ ಬಲವಾಗಿ ಒತ್ತಿ ತೇವ ಹೀರಿಸಬೇಕು. ನೀರನ್ನು ಹೆಚ್ಚು ಬಳಸಬಾರದೆಂದು ಒತ್ತಿ ಹೇಳಲು ಎರಡು ಕಾರಣಗಳಿವೆ. ಕಾರ್ಪೆಟ್ ಕೆಳಗಿರುವ ದಪ್ಪನೆಯ ಫೆಲ್ಟ್ ಅಥವಾ ಫೋಮ್ ಒಮ್ಮೆ ನೆನೆದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹಸಿಯಾಗಿಯೇ ಇದ್ದು ಮುಗ್ಗಲು ವಾಸನೆ ಹಿಡಿಯುತ್ತದೆ. ಮುಂದಿನ ಸೀಟುಗಳ ಕೆಳಗೆ ಹಳದಿ ಬಣ್ಣದ ಕನೆಕ್ಟರ್‌ಗಳಿದ್ದರೆ ಅವು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ವ್ಯವಸ್ಥೆಯವು. ಅವುಗಳಿಗೆ ನೀರು ತಾಗಿಸಬಾರದು, ಬಿಚ್ಚಲೂಬಾರದು.

ಕಾಗದ ಹಾಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಗಮ್ ಕಾಗದಕ್ಕೆ ಬರುತ್ತದೆ ಎಂಬ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಹತ್ತಿ ಬಟ್ಟೆಯ ವಿಷಯದಲ್ಲಿ ಅದು ಸರಿಯೇ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ನೂಲಿನ ಗುಣ ಬಲ್ಲವರು ಈಗಲೂ ಬಹಳ ಮಂದಿ ಇದ್ದಾರೆ; ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾರಿನ ಕಾರ್ಪೆಟ್ ಹತ್ತಿಯದಲ್ಲ. ಅದು ಪಾಲಿಯೆಸ್ಟರ್, ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಎಳೆಗಳದ್ದು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಹತ್ತಿ ಬಟ್ಟೆಗೆ ಇಟ್ಟ ಇಸ್ತ್ರಿ ಪೆಟ್ಟಿಗೆಯ ಕಾವು 200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಗಮ್ ಜೊತೆಗೆ ಕಾರ್ಪೆಟ್ಟೂ ಕರಗಿ ಹೊಳಪಿನ ಗಟ್ಟಿ ಮಚ್ಚೆಯಾಗಿ ಉಳಿಯುತ್ತದೆ. ಈ ಉಪಾಯವನ್ನು ಕಾರಿನಲ್ಲಿ ಪ್ರಯೋಗಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪೆಟ್ರೋಲ್ ಮತ್ತು ಸೀಮೆಎಣ್ಣೆ ಗಮ್ ಅನ್ನು ಸಡಿಲಿಸುತ್ತವೆ ಎಂಬುದು ನಿಜ. ಆದರೂ ಮುಚ್ಚಿದ ಕಾರಿನೊಳಗೆ ಪೆಟ್ರೋಲ್ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಗ್ಯಾರೇಜಿನಲ್ಲಿ ಯಾರಾದರೂ ಬಾಟಲಿ ಹಿಡಿದು ಬಂದರೆ ಬೇಡವೆಂದು ಹೇಳಿಬಿಡಿ. ಉಗುರುಬಣ್ಣ ತೆಗೆಯುವ ಅಸಿಟೋನ್ ದ್ರವ ಪಕ್ಕದ ಪ್ಲಾಸ್ಟಿಕ್ ಭಾಗಗಳಿಗೆ ಚಿಮ್ಮಿದರೆ ಅವುಗಳ ಮೇಲ್ಮೈಯನ್ನೇ ತಿಂದುಹಾಕುತ್ತದೆ.

ತೇವ ಹೀರಿಸಿದ ಮೇಲೆ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎರಡೂ ಬದಿಯ ಬಾಗಿಲು ತೆರೆದು ಗಾಳಿಗೆ ಬಿಡಬೇಕು. ನಮ್ಮ ಕಡೆಯ ಒಣಗಾಳಿಗೆ ಬೇಸಿಗೆಯಲ್ಲಿ ಒಂದೆರಡು ಗಂಟೆ ಸಾಕು, ಮಳೆಗಾಲದಲ್ಲಿ ಫ್ಯಾನ್ ಇಡುವುದು ಮೇಲು. ಒಣಗಿದ ನಂತರ ಬೆರಳಿನಿಂದ ತಡವಿ ನೋಡಿದಾಗ ಇನ್ನೂ ಜಿಗುಟೆನಿಸಿದರೆ ಅದು ಉಳಿದ ಸೋಪಿನದೂ ಇರಬಹುದು. ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದಾಗ ಹೋದರೆ ಸೋಪು, ಹೋಗದಿದ್ದರೆ ಗಮ್. ಎಷ್ಟು ಮಾಡಿದರೂ ಒಂದೆರಡು ಎಳೆಗಳ ತುದಿಯಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದ್ದರೆ, ಆ ತುದಿಯನ್ನಷ್ಟೇ ಸಣ್ಣ ಕತ್ತರಿಯಿಂದ ಕತ್ತರಿಸಬಹುದು.

ಗಮ್ ಅಂಟಿದ್ದು ಚಾಲಕನ ಕಾಲಿನ ಬಳಿಯಾಗಿದ್ದರೆ ಇನ್ನೂ ಎರಡು ಎಚ್ಚರಿಕೆಗಳನ್ನು ಮರೆಯುವಂತಿಲ್ಲ. ಎಣ್ಣೆಯ ಕೈ, ಎಣ್ಣೆಯ ಬಟ್ಟೆ ಪೆಡಲ್‌ಗಳ ರಬ್ಬರಿಗೆ ತಾಗಬಾರದು. ತಾಗಿದ್ದರೆ ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸದೆ ಗಾಡಿ ಹೊರಡಿಸಬಾರದು, ಏಕೆಂದರೆ ಬ್ರೇಕ್ ಒತ್ತುವ ಕ್ಷಣದಲ್ಲಿ ಚಪ್ಪಲಿ ಜಾರಿದರೆ ಅನಾಹುತ ತಪ್ಪಿದ್ದಲ್ಲ. ಮ್ಯಾಟನ್ನು ಮರಳಿ ಹಾಸುವಾಗ ಅದರ ತೂತುಗಳನ್ನು ನೆಲದ ಕೊಂಡಿಗಳಿಗೆ ಸರಿಯಾಗಿ ಕೂರಿಸಿ, ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಟ್ಟಾಗ ಪೆಡಲ್ ಎಲ್ಲಿಯೂ ಮ್ಯಾಟಿನ ಅಂಚಿಗೆ ಸಿಕ್ಕಿಕೊಳ್ಳದೆ ಮೇಲೆ ಬರುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಗಾಡಿ ತೆಗೆಯಬೇಕು.