ಶಿವಮೊಗ್ಗದ ಮನೆಯ ಇ-ಪುಸ್ತಕ ಭಂಡಾರವನ್ನು ದೂರದಿಂದ ಓದುವಂತೆ ಮಾಡಿಕೊಂಡ ಬಗೆ: ನನ್ನ ಅನುಭವ

ನನ್ನ ಇ-ಪುಸ್ತಕಗಳೆಲ್ಲ ಶಿವಮೊಗ್ಗದ ಮನೆಯಲ್ಲಿರುವ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿವೆ. ಕೆಲಸದ ನಿಮಿತ್ತ ನಾನಿರುವುದು ಬೆಂಗಳೂರಿನಲ್ಲಿ, ತಂಗಿ ಜರ್ಮನಿಯಲ್ಲಿದ್ದಾಳೆ. ನಕಲು ತಡೆಯುವ ಡಿಆರ್‌ಎಂ ಬೀಗವಿಲ್ಲದೆ ಮಾರುವ ಪ್ರಕಾಶಕರಿಂದ ಕೊಂಡ ಇಪಬ್ ಎಂಬ ಇ-ಪುಸ್ತಕ ಮಾದರಿಯ ಕಡತಗಳು, ಲೇಖಕರು ತೀರಿಕೊಂಡು 60 ವರ್ಷಗಳಾಗಿ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಸೇರಿ ಈ ಸಂಗ್ರಹ ಬೆಳೆದಿದೆ. ಇದನ್ನು ನಾವಿಬ್ಬರೂ ಎಲ್ಲಿದ್ದರೂ ಓದುವಂತಾಗಬೇಕು ಎಂದು ಹೊರಟಾಗ ಎರಡು ವಿಷಯಗಳನ್ನು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಪುಸ್ತಕಗಳು ಮನೆಯಲ್ಲೇ ಉಳಿಯಬೇಕು. ಅವುಗಳನ್ನು ತಲುಪುವ ದಾರಿ ಅಂತರಜಾಲದಲ್ಲಿ ಓಡಾಡುವ ಎಲ್ಲರಿಗೂ ಕಾಣುವಂತಿರಬಾರದು. ಮುಂದಿನ ಆಯ್ಕೆಗಳೆಲ್ಲ ಈ ನಿಶ್ಚಯವನ್ನೇ ಅನುಸರಿಸಿದವು.

ಸಂಗ್ರಹವನ್ನು ನೋಡಿಕೊಳ್ಳಲು ನಾನು ಬಳಸುವುದು ಕ್ಯಾಲಿಬರ್. ಕೋವಿದ್ ಗೋಯಲ್ ಅವರು 2006ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶದಲ್ಲಿ ಪುಸ್ತಕಗಳನ್ನು ಜಾಲದ ಮೂಲಕ ಹಂಚುವ ಕಂಟೆಂಟ್ ಸರ್ವರ್ ಒಳಗೇ ಇದೆ. ಅದನ್ನು ಚಾಲೂ ಮಾಡಿದರೆ 8080ನೆಯ ಪೋರ್ಟ್‌ನಲ್ಲಿ, ಅಂದರೆ ಯಂತ್ರದ ಆ ಸಂಖ್ಯೆಯ ಬಾಗಿಲಿನಲ್ಲಿ, ಒಂದು ಪುಟ ತೆರೆದುಕೊಳ್ಳುತ್ತದೆ, ಅಲ್ಲಿಂದಲೇ ಪುಸ್ತಕ ಹುಡುಕಬಹುದು, ಬ್ರೌಸರಿನಲ್ಲೇ ಓದಬಹುದು. ಇಡೀ ಸಂಗ್ರಹವನ್ನು ಯಾವುದಾದರೂ ಕ್ಲೌಡ್ ಫೋಲ್ಡರಿಗೆ ಹಾಕಿಬಿಡುವುದು ಸುಲಭವಲ್ಲವೇ ಎಂದು ಹಲವರು ಕೇಳುತ್ತಾರೆ. ಕ್ಯಾಲಿಬರ್ ತನ್ನ ಸೂಚಿಯನ್ನೆಲ್ಲ ಒಂದೇ ಎಸ್‌ಕ್ಯೂಲೈಟ್ (ದತ್ತಸಂಚಯ) ಕಡತದಲ್ಲಿ ಇಡುತ್ತದೆ. ಎರಡು ಯಂತ್ರಗಳು ಏಕಕಾಲಕ್ಕೆ ಆ ಕಡತವನ್ನು ಮುಟ್ಟಿದರೆ, ಅಥವಾ ಬರೆಯುತ್ತಿರುವಾಗಲೇ ಅದರ ಅರ್ಧ ಪ್ರತಿ ಕ್ಲೌಡಿಗೆ ಹೋದರೆ, ಸೂಚಿ ಕೆಡುವ ಸಾಧ್ಯತೆ ಇದೆ. ಆದ್ದರಿಂದ ಕಡತಗಳು ಒಂದೇ ಕಡೆ ಇದ್ದು, ಓದುವವರು ಅಲ್ಲಿಗೆ ಬರುವ ಏರ್ಪಾಡೇ ಸರಿ ಎಂಬುದು ನನ್ನ ಅಭಿಪ್ರಾಯ.

ಅಲ್ಲಿಗೆ ಬರುವುದೇ ನಿಜವಾದ ಸಮಸ್ಯೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದರೆ ಹೊರಗಿನ ಕೋರಿಕೆ ನೇರ ಮನೆಯ ಯಂತ್ರಕ್ಕೆ ಹೋಗುವಂತೆ ಪೋರ್ಟ್ ತೆರೆಯಿರಿ ಎಂಬ ಹಳೆಯ ಸಲಹೆ ನಮ್ಮ ಬಹಳಷ್ಟು ಮನೆಗಳಲ್ಲಿ ಈಗ ನಡೆಯುವುದಿಲ್ಲ, ಏಕೆಂದರೆ ಐಪಿವಿ4 ಮಾದರಿಯ ಅಂತರಜಾಲ ವಿಳಾಸಗಳ ಕೊರತೆಯಿಂದಾಗಿ ಅನೇಕ ಬ್ರಾಡ್‌ಬ್ಯಾಂಡ್ ಸಂಸ್ಥೆಗಳು ಗ್ರಾಹಕರನ್ನು ಸಿಜಿನ್ಯಾಟ್ ಎಂಬ, ಹಲವರಿಗೆ ಒಂದೇ ಹೊರವಿಳಾಸ ಕೊಡುವ ಏರ್ಪಾಡಿನ ಹಿಂದೆ ಇರಿಸುತ್ತವೆ. ಒಂದೇ ಅಂಚೆ ವಿಳಾಸವನ್ನು ಹಂಚಿಕೊಂಡ ದೊಡ್ಡ ವಠಾರದಂತೆ, ಹೊರಗಿನಿಂದ ಬಂದ ಕೋರಿಕೆ ಯಾವ ಮನೆಗೆ ಸೇರಬೇಕೆಂದು ಅಲ್ಲಿ ತಿಳಿಯುವುದಿಲ್ಲ. ನಿಮ್ಮ ಸಂಪರ್ಕ ಇಂಥದ್ದೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ರೂಟರಿನ ವ್ಯಾನ್ (ಹೊರಬದಿಯ) ವಿಳಾಸವು 100.64 ರಿಂದ 100.127ರವರೆಗಿನ ಯಾವುದಾದರೂ ಅಂಕಿಯಿಂದ ಆರಂಭವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಆ ವಿಳಾಸಗಳನ್ನು 2012ರಲ್ಲಿ ಇದೇ ಉದ್ದೇಶಕ್ಕೆ ಮೀಸಲಿಡಲಾಯಿತು. ನನ್ನ ರೂಟರಿನಲ್ಲೂ ಅಂಥದ್ದೇ ವಿಳಾಸವಿತ್ತು. ಹಾಗಿಲ್ಲದಿದ್ದರೂ ನಾನು ಪೋರ್ಟ್ ತೆರೆಯುತ್ತಿರಲಿಲ್ಲ. ತೆರೆದ ಪೋರ್ಟುಗಳನ್ನು ಹುಡುಕುತ್ತಲೇ ಇರುವ ಯಂತ್ರಗಳು ಅಂತರಜಾಲದ ತುಂಬ ಇವೆ, ಮನೆಯ ಯಂತ್ರವೊಂದನ್ನು ಅವುಗಳ ಎದುರಿಗೆ ನಿಲ್ಲಿಸಿ ಅದರ ಸುರಕ್ಷತೆಯನ್ನು ದಿನವೂ ಕಾಯುವಷ್ಟು ಬಿಡುವು ನನಗಿಲ್ಲ.

ಇದಕ್ಕೆ ನಾನು ಕಂಡುಕೊಂಡ ಪರಿಹಾರ ಟೇಲ್‌ಸ್ಕೇಲ್, ನಮ್ಮ ಯಂತ್ರಗಳನ್ನಷ್ಟೇ ಒಂದು ಖಾಸಗಿ ಜಾಲವಾಗಿ (ವಿಪಿಎನ್) ಜೋಡಿಸುವ ಸೇವೆ. 2020ರಲ್ಲಿ ಲಿನಕ್ಸ್ ಕರ್ನಲ್‌ನ 5.6ನೆಯ ಆವೃತ್ತಿಯಲ್ಲಿ ಸೇರ್ಪಡೆಯಾದ ವೈರ್‌ಗಾರ್ಡ್ ಎಂಬ ಗೂಢಲಿಪಿ ಸುರಂಗದ ವಿಧಾನವನ್ನೇ ಅದು ಬಳಸುತ್ತದೆ. ಎರಡೂ ಕಡೆಯ ಯಂತ್ರಗಳು ತಾವಾಗಿಯೇ ಹೊರಕ್ಕೆ ಸಂಪರ್ಕ ಬೆಳೆಸಿ ನಡುವೆ ಭೇಟಿಯಾಗುವುದರಿಂದ ರೂಟರಿನಲ್ಲಿ ಏನನ್ನೂ ಬದಲಿಸಬೇಕಿಲ್ಲ. ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಅದನ್ನು ಸ್ಥಾಪಿಸಿ ಒಂದೇ ಖಾತೆಯಿಂದ ಲಾಗಿನ್ ಆದ ಮೇಲೆ ಎರಡಕ್ಕೂ ಖಾಸಗಿ ವಿಳಾಸಗಳು ಸಿಕ್ಕವು. ಮನೆಯ ಯಂತ್ರಕ್ಕೆ ‘ಭಂಡಾರ’ ಎಂಬ ಅರ್ಥ ಬರುವ ಚಿಕ್ಕ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟಿದ್ದೇನೆ. ಫೋನಿನ ಬ್ರೌಸರಿನಲ್ಲಿ ಆ ಹೆಸರನ್ನೂ 8080 ಎಂಬ ಪೋರ್ಟ್ ಸಂಖ್ಯೆಯನ್ನೂ ಬರೆದರೆ ಪುಸ್ತಕಗಳ ಮುಖಪುಟಗಳು ತೆರೆದುಕೊಳ್ಳುತ್ತವೆ. ಫೋನಿನ ಉಳಿದ ಅಂತರಜಾಲ ಬಳಕೆ ಎಂದಿನ ದಾರಿಯಲ್ಲೇ ಸಾಗುತ್ತದೆ. ನೇರ ಸಂಪರ್ಕ ಸಿಗದಿದ್ದಾಗ ದತ್ತಾಂಶವು ಮಧ್ಯವರ್ತಿ ಸರ್ವರಿನ ಮೂಲಕ ಹಾಯುತ್ತದೆ. ಟೇಲ್‌ಸ್ಕೇಲ್‌ನ ಸ್ಟೇಟಸ್ ಆದೇಶ ಕೊಟ್ಟಾಗ ‘ಡೈರೆಕ್ಟ್’ ಎಂದು ಬಂದರೆ ನೇರ ಸಂಪರ್ಕ, ‘ರಿಲೇ ಬಿಎಲ್‌ಆರ್’ ಎಂದು ಬಂದರೆ ಬೆಂಗಳೂರಿನ ಮಧ್ಯವರ್ತಿಯ ಮೂಲಕ. ಹಾಗೆ ಹಾಯುವಾಗಲೂ ಗೂಢಲಿಪಿ ಬಿಚ್ಚಿಕೊಳ್ಳುವುದಿಲ್ಲ, ವೇಗ ಮಾತ್ರ ಕುಗ್ಗುತ್ತದೆ.

ಇಪಬ್ ಕಡತಗಳಿಗೆ ಆ ವೇಗವೂ ಧಾರಾಳ. ಸ್ಕ್ಯಾನ್ ಪ್ರತಿಗಳ ವಿಷಯವೇ ಬೇರೆ. 150 ಎಂಬಿ ತೂಗುವ ಪಿಡಿಎಫ್ ಎಂದರೆ 1200 ಮೆಗಾಬಿಟ್. 40 ಎಂಬಿಪಿಎಸ್ ಸಿಕ್ಕರೆ ಅರ್ಧ ನಿಮಿಷ, ಮಲೆನಾಡಿನ ಯಾವುದೋ ಊರಿನಲ್ಲಿ ಮೊಬೈಲಿಗೆ 4 ಎಂಬಿಪಿಎಸ್ ಮಾತ್ರ ಸಿಕ್ಕರೆ ಐದು ನಿಮಿಷ. ಓದುವ ಕಡೆಯ ವೇಗದ ಜೊತೆಗೆ ಮನೆಯ ಸಂಪರ್ಕದ ಅಪ್‌ಲೋಡ್ ವೇಗವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಪ್ಲಾನ್ ಆರಿಸುವಾಗಲೇ ಗಮನಿಸಬೇಕು.

ಲ್ಯಾಪ್‌ಟಾಪನ್ನೇ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಅದರ ಬ್ಯಾಟರಿ. ಕರೆಂಟು ಹೋದರೂ ಯಂತ್ರ ಥಟ್ಟನೆ ಆರುವುದಿಲ್ಲ. ಆದರೆ ಫೈಬರ್ ಸಂಪರ್ಕದ ಪೆಟ್ಟಿಗೆ ಆರಿದರೆ ಯಂತ್ರ ಎಚ್ಚರವಿದ್ದೂ ಪ್ರಯೋಜನವಿಲ್ಲವಾದ್ದರಿಂದ ಅದಕ್ಕೆ 12 ವೋಲ್ಟಿನ ಒಂದು ಪುಟ್ಟ ಯುಪಿಎಸ್ ಜೋಡಿಸಿದ್ದೇನೆ. ಮುಚ್ಚಳ ಮುಚ್ಚಿದಾಗ ಯಂತ್ರ ಮಲಗದಂತೆ ಅದರಲ್ಲಿರುವ ಡೆಬಿಯನ್ ಲಿನಕ್ಸ್‌ನಲ್ಲಿ ಸೆಟ್ಟಿಂಗ್ ಬದಲಿಸಿದ್ದೇನೆ. ಕಂಟೆಂಟ್ ಸರ್ವರನ್ನು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ತಂತ್ರಾಂಶ) ಸೇವೆಯಾಗಿ ಹೊಂದಿಸಿ, ಟೇಲ್‌ಸ್ಕೇಲ್ ಎದ್ದ ನಂತರವೇ ಅದು ಏಳಬೇಕು, ಬಿದ್ದರೆ ಮತ್ತೆ ತಾನೇ ಏಳಬೇಕು ಎಂದು ಬರೆದಿದ್ದೇನೆ. ಸರ್ವರ್ ಖಾಸಗಿ ವಿಳಾಸದಲ್ಲಿ ಮಾತ್ರ ಕಿವಿಗೊಡುವಂತೆ ಮಾಡಿರುವುದರಿಂದ ಈ ಅನುಕ್ರಮ ಅಗತ್ಯ. ಆ ವಿಳಾಸ ಹುಟ್ಟುವ ಮೊದಲೇ ಸರ್ವರ್ ಎದ್ದರೆ ಅದಕ್ಕೆ ನಿಲ್ಲಲು ನೆಲೆಯೇ ಇರುವುದಿಲ್ಲ.

ಖಾಸಗಿ ಜಾಲವಿದ್ದರೂ ಬಳಕೆದಾರರ ಹೆಸರು, ಗುಪ್ತಪದ ಎರಡನ್ನೂ ಕಡ್ಡಾಯ ಮಾಡಿದ್ದೇನೆ. ಪ್ರತ್ಯೇಕ ಖಾತೆಯಿದ್ದರೆ ಬ್ರೌಸರಿನಲ್ಲಿ ಓದಿ ನಿಲ್ಲಿಸಿದ ಜಾಗವನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ಫೋನಿನಲ್ಲಿ ಬಿಟ್ಟ ಅಧ್ಯಾಯವನ್ನು ಮೇಜಿನ ಕಂಪ್ಯೂಟರಿನಲ್ಲಿ ಮುಂದುವರಿಸಬಹುದು. ತಂಗಿಗೆ ನನ್ನ ಇಡೀ ಜಾಲವನ್ನು ತೆರೆಯದೆ ಈ ಒಂದು ಯಂತ್ರವನ್ನು ಮಾತ್ರ ಹಂಚಿದ್ದೇನೆ, ಅವಳ ಕ್ಯಾಲಿಬರ್ ಖಾತೆಗೆ ಓದುವ ಅಧಿಕಾರವಷ್ಟೇ ಇದೆ. ಅವಳು ಓದಲು ಬಳಸುವುದು ಕೆಓರೀಡರ್ ಎಂಬ ತಂತ್ರಾಂಶ. ಅದಕ್ಕೆ ಸರ್ವರಿನ ಓಪಿಡಿಎಸ್ (ಇ-ಪುಸ್ತಕಗಳ ಪಟ್ಟಿ ಕೊಡುವ ಪದ್ಧತಿ) ವಿಳಾಸ ಕೊಟ್ಟರೆ ಪುಸ್ತಕಗಳ ಪಟ್ಟಿ ಅಲ್ಲೇ ಬರುತ್ತದೆ, ಆದರೆ ಸರ್ವರಿನಲ್ಲಿ ದೃಢೀಕರಣದ ಬಗೆಯನ್ನು ‘ಬೇಸಿಕ್’ ಎಂದು ಇಡಬೇಕಾಯಿತು. ಬಯಲು ಅಂತರಜಾಲದಲ್ಲಿ ಹಾಗೆ ಇಡುವುದು ಅಪಾಯ, ಗುಪ್ತಪದ ಹೆಚ್ಚುಕಡಿಮೆ ತೆರೆದೇ ಸಾಗುತ್ತದೆ. ಸುರಂಗದ ಒಳಗೆ ಆ ಭಯವಿಲ್ಲ.

ದೂರದಿಂದ ಬಳಸುವಾಗ ಸೂಚಿ ಅಚ್ಚುಕಟ್ಟಾಗಿರುವುದು ಎಷ್ಟು ಮುಖ್ಯ ಎಂಬುದು ಚಿಕ್ಕ ಪರದೆಯಲ್ಲಿ ಹುಡುಕುವಾಗ ಅರಿವಾಗುತ್ತದೆ. ಕ್ಯಾಲಿಬರ್ ಲೇಖಕರ ಹೆಸರಿನ ಕೊನೆಯ ಪದವನ್ನು ಕುಲನಾಮವೆಂದು ಭಾವಿಸಿ ಮುಂದಕ್ಕೆ ತಂದು ಜೋಡಿಸುತ್ತದೆ. ಊರಿನ ಹೆಸರು ಅಥವಾ ಇನಿಷಿಯಲ್ ಮೊದಲು ಬರುವ ನಮ್ಮ ಹೆಸರುಗಳಿಗೆ ಇದು ಒಗ್ಗುವುದಿಲ್ಲ. ಪ್ರಾಶಸ್ತ್ಯಗಳ ಟ್ವೀಕ್ಸ್ ವಿಭಾಗದಲ್ಲಿ ಹೆಸರನ್ನು ಇದ್ದಂತೆಯೇ ನಕಲಿಸು ಎಂಬ ಆಯ್ಕೆ ಇದೆ, ಕನ್ನಡ ಸಂಗ್ರಹವಿರುವವರು ಪುಸ್ತಕ ಸೇರಿಸುವ ಮುನ್ನವೇ ಅದನ್ನು ಮಾಡಿಕೊಳ್ಳುವುದು ಒಳ್ಳೆಯದು. ಶೀರ್ಷಿಕೆಗಳನ್ನು ಕನ್ನಡ ಲಿಪಿಯಲ್ಲೇ ಇಟ್ಟು, ಇಂಗ್ಲಿಷ್ ಅಕ್ಷರಗಳ ರೂಪವನ್ನು ಟ್ಯಾಗ್ ಆಗಿ ಸೇರಿಸಿದ್ದೇನೆ. ಕನ್ನಡ ಕೀಲಿಮಣೆ ಇಲ್ಲದ ಯಂತ್ರದಿಂದಲೂ ಪುಸ್ತಕ ಸಿಗುತ್ತದೆ.

ಇ-ಇಂಕ್ ಓದುಗ ಸಾಧನ ಕೊಳ್ಳುವವರು ಒಂದನ್ನು ತಿಳಿದಿರಬೇಕು. ಆಂಡ್ರಾಯ್ಡ್ ಇರುವ ಸಾಧನವಾದರೆ ಟೇಲ್‌ಸ್ಕೇಲ್ ಆ್ಯಪನ್ನು ನೇರವಾಗಿ ಹಾಕಬಹುದು. ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದರಾಯಿತು ಎಂದುಕೊಳ್ಳುವುದು ಸಹಜ, ಆದರೆ ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಹಾಟ್‌ಸ್ಪಾಟಿನ ಸಂಚಾರವನ್ನು ವಿಪಿಎನ್ ಒಳಗೆ ಬಿಡುವುದಿಲ್ಲ. ಅಂಥ ಸಾಧನಕ್ಕೆ ಫೋನಿನಲ್ಲಿ ಇಳಿಸಿಕೊಂಡ ಪುಸ್ತಕವನ್ನು ಕೇಬಲ್ಲಿನಿಂದ ದಾಟಿಸಬೇಕಾಗುತ್ತದೆ.

ಊರು ಬಿಡುವ ಮುನ್ನ ಟೇಲ್‌ಸ್ಕೇಲ್‌ನ ನಿರ್ವಹಣಾ ಪುಟದಲ್ಲಿ ಮನೆಯ ಯಂತ್ರದ ಲಾಗಿನ್ ಕೀಲಿಯ ಅವಧಿ ಮುಗಿಯುವ ಏರ್ಪಾಡನ್ನು (ಕೀ ಎಕ್ಸ್‌ಪೈರಿ) ನಿಷ್ಕ್ರಿಯಗೊಳಿಸಿ. ಇಲ್ಲವಾದರೆ 180 ದಿನಗಳ ನಂತರ ಅದು ಮತ್ತೆ ಲಾಗಿನ್ ಕೇಳುತ್ತದೆ, ಆಗ ಅದರ ಮುಂದೆ ಕುಳಿತುಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಾಗುತ್ತದೆ. ಸಂಗ್ರಹದ ಒಂದು ನಕಲು ಬಾಹ್ಯ ಡಿಸ್ಕಿನಲ್ಲೂ ಇರಲಿ. ಪ್ರತಿ ಪುಸ್ತಕದ ಫೋಲ್ಡರಿನಲ್ಲಿ ಅದರ ವಿವರಗಳ ಓಪಿಎಫ್ ಕಡತ ಇರುವುದರಿಂದ, ಮುಖ್ಯ ಸೂಚಿ ಕೆಟ್ಟರೂ ಕ್ಯಾಲಿಬರ್ ಅವುಗಳಿಂದ ಅದನ್ನು ಮತ್ತೆ ಕಟ್ಟಿಕೊಡುತ್ತದೆ.