ಎಂತ ಬೇಕಿತ್ತು ಅಂತ ಎರಡು ಸಲ ಕೇಳಿ

ಲೈಬ್ರರಿ ಸೈನ್ಸ್‌ಗೆ ಸೇರಿದ್ದೇನೆ ಎಂದಾಗ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಪುಸ್ತಕ ಜೋಡಿಸ್ಲಿಕ್ಕೂ ಡಿಗ್ರಿ ಬೇಕಾ?" ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಈಗ ಉಡುಪಿಯ ಒಂದು ಕಾಲೇಜು ಲೈಬ್ರರಿಯಲ್ಲಿ, ಬಂದವರ ಪ್ರಶ್ನೆಗೆ ಉತ್ತರ ಹುಡುಕಿ ಕೊಡುವ ರೆಫರೆನ್ಸ್ ಮೇಜಿನ ಹಿಂದೆ ಕೂತು ಕೆಲವು ವರ್ಷ ಆಯಿತು. ಈ ವರ್ಷ ಕೋರ್ಸಿಗೆ ಸೇರಿ, ಇಂಟರ್ನ್‌ಶಿಪ್ಪಿಗೆ ಅಂತ ಮೊದಲ ಸಲ ಇಂಥ ಮೇಜಿನ ಹಿಂದೆ ಕೂರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಕೋರ್ಸಿನ ವಿಷಯ ಬೇಗ ಮುಗಿಸುತ್ತೇನೆ. ಯಾವ ಡಿಗ್ರಿ ಮಾಡಿದ್ದರೂ ಇದಕ್ಕೆ ಬರಬಹುದು. ನಾನು ಬಿ.ಕಾಂ. ಮಾಡಿ ಬಂದವಳು. ಕಾಲೇಜಿನಲ್ಲಿ ಲೈಬ್ರರಿಯನ್ ಆಗುವ ಆಸೆ ಇದ್ದರೆ ಎಂ.ಲಿಬ್.ನಲ್ಲಿ, ಅಂದರೆ ಲೈಬ್ರರಿ ಸೈನ್ಸಿನ ಸ್ನಾತಕೋತ್ತರ ಡಿಗ್ರಿಯಲ್ಲಿ, ಶೇ. 55 ಅಂಕ ಬೇಕು, ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದನ್ನು ಕೊನೆಯ ಸೆಮಿಸ್ಟರಿಗೆ ಇಡಬೇಡಿ, ಮೊದಲ ವರ್ಷದಿಂದಲೇ ಹಳೆಯ ಪ್ರಶ್ನೆಪತ್ರಿಕೆ ನೋಡುತ್ತಾ ಬನ್ನಿ. ಪುಸ್ತಕಕ್ಕೆ ವಿಷಯದ ನಂಬರ್ ಕೊಡುವ ಕ್ಲಾಸಿಫಿಕೇಶನ್ ಪ್ರಾಕ್ಟಿಕಲ್ ತಪ್ಪಿಸಬೇಡಿ. ಇಷ್ಟೇ.

ನಮ್ಮ ದೇಶದಲ್ಲಿ ಲೈಬ್ರರಿ ಸೈನ್ಸಿಗೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಹೆಸರು ಮೊದಲ ದಿನವೇ ಕಿವಿಗೆ ಬೀಳುತ್ತದೆ. ಲೈಬ್ರರಿ ಹೇಗೆ ನಡೆಯಬೇಕು ಎನ್ನುವ ಅವರ ಐದು ಸೂತ್ರಗಳು 1931ರಲ್ಲಿ ಪುಸ್ತಕವಾಗಿ ಬಂದವು. ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ ಮಾಡಿದ್ದು. ಅವರು ನಮ್ಮ ಮಂಗಳೂರಿನಲ್ಲೂ ಇದ್ದವರು ಅಂತ ನನಗೆ ಗೊತ್ತಾದದ್ದು ತಡವಾಗಿ. 1917ರಿಂದ 1920ರವರೆಗೆ ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ, ಅಂದರೆ ಈಗ ಹಂಪನಕಟ್ಟೆಯಲ್ಲಿರುವ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ, ಗಣಿತ ಹೇಳಿಕೊಡುತ್ತಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಲೈಬ್ರರಿಯನ್ ಆಗಿ ಹೋದಾಗ ಶುರುವಿಗೆ ಅವರಿಗೂ ಬೇಜಾರು ಬಂದು, ಪಾಠ ಮಾಡುವ ಕೆಲಸಕ್ಕೇ ವಾಪಸ್ ಹೋಗುತ್ತೇನೆ ಅಂದಿದ್ದರಂತೆ. ಹಾಗಾಗಿ ಮೊದಲ ತಿಂಗಳು ನಿಮಗೂ ಬೇಜಾರಾದರೆ ತಲೆ ಕೆಡಿಸಿಕೊಳ್ಳಬೇಡಿ. ಅವರ ನಾಲ್ಕನೇ ಸೂತ್ರ, ಓದುಗನ ಸಮಯ ಉಳಿಸು ಎನ್ನುವುದು, ನನಗೆ ಅರ್ಥವಾದದ್ದು ಒಬ್ಬರ ಒಂದು ಗಂಟೆ ಹಾಳು ಮಾಡಿದ ಮೇಲೆ.

ಇಂಟರ್ನ್‌ಶಿಪ್ಪಿನ ಮೊದಲ ವಾರ. ಯಾವ ಲೈಬ್ರರಿ ಎಂದು ಹೇಳುವುದಿಲ್ಲ, ತಪ್ಪು ನನ್ನದೇ. ಜುಲೈ ತಿಂಗಳು, ಹೊರಗೆ ಜಡಿಮಳೆ. ಎಪ್ಪತ್ತು ದಾಟಿದ ಒಬ್ಬರು ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ ಒಳಗೆ ಬಂದು, "ಹಳೇ ಪೇಪರ್ ಉಂಟಾ?" ಎಂದು ಕೇಳಿದರು. "ಉಂಟು" ಎಂದು ಹಿಂದಿನ ತಿಂಗಳ ಪೇಪರಿನ ಕಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ಮಗುಚಲು ಕೂತರು. ಕೇಳಿದ ಕೂಡಲೇ ಕೊಟ್ಟೆ ಅಂತ ನನಗೆ ಒಳಗೊಳಗೇ ಖುಷಿ.

ಒಂದು ಗಂಟೆ ಆಗಿರಬಹುದು. ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಅಟೆಂಡರ್ ನನ್ನ ಹತ್ತಿರ ಬಂದು, "ಅವರಿಗೆ ಎಂತ ಬೇಕಂತೆ?" ಎಂದರು.

"ಹಳೇ ಪೇಪರ್."

"ಎಷ್ಟು ಹಳೇದು? ಎಂತಕ್ಕೆ?"

ನಾನು ಕೇಳಿಯೇ ಇರಲಿಲ್ಲ. ಅಟೆಂಡರ್ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ತುಳುವಿನಲ್ಲಿ ಊರು, ಮನೆ, ಮಳೆ ಎಲ್ಲ ವಿಚಾರಿಸಿದರು. ಐದು ನಿಮಿಷದಲ್ಲಿ ಅವರ ಪ್ಲಾಸ್ಟಿಕ್ ತೊಟ್ಟೆಯಿಂದ ಒಂದು ಚಾಲಗೇಣಿ ಚೀಟಿನ (ಜಾಗವನ್ನು ವರ್ಷ ವರ್ಷಕ್ಕೆ ಗೇಣಿಗೆ ಕೊಟ್ಟ ಪತ್ರದ) ಜೆರಾಕ್ಸ್ ಹೊರಗೆ ಬಂತು. ಜಾಗದ ವಿಷಯ. ಗೇಣಿದಾರರಿಗೆ ಜಾಗ ಕೊಡಿಸಿದ ಭೂಸುಧಾರಣೆ ಕಾನೂನಿನ ತಿದ್ದುಪಡಿ ಯಾವ ದಿನ ಜಾರಿಗೆ ಬಂತು ಅಂತ ವಕೀಲರ ಹತ್ತಿರ ಹೋಗುವ ಮೊದಲು ತಾನೇ ನೋಡಬೇಕು ಎಂಬುದು ಅವರ ಹಟ. ಕಾನೂನು ಬಂದಾಗ ಪೇಪರಿನಲ್ಲಿ ಓದಿದ ನೆನಪು, ಹಾಗಾಗಿ ಪೇಪರ್ ಕೇಳಿದರು. ಅವರಿಗೆ ಬೇಕಾದದ್ದು ಪೇಪರೇ ಅಲ್ಲ, ಕಾನೂನಿನ ಕಪಾಟಿನಲ್ಲಿದ್ದ ಒಂದು ಪುಸ್ತಕದ ಒಂದು ಪುಟ. 1974ರ ಮಾರ್ಚ್ 1. ಹುಡುಕಲಿಕ್ಕೆ ಹತ್ತು ನಿಮಿಷ ಸಾಕಾಯಿತು. ಅವರು ಒಂದು ಗಂಟೆ ಹೋದ ತಿಂಗಳ ಸಿನಿಮಾ ಜಾಹೀರಾತು ನೋಡಿದ್ದರು, ಪಾಪ.

ಜನ ಮೇಜಿನ ಹತ್ತಿರ ಬಂದಾಗ ತಮಗೆ ಬೇಕಾದದ್ದನ್ನು ಕೇಳುವುದಿಲ್ಲ, ಲೈಬ್ರರಿಯಲ್ಲಿ ಇರಬಹುದು ಅಂತ ತಮಗೆ ಅನಿಸಿದ್ದನ್ನು ಕೇಳುತ್ತಾರೆ. ಅದಕ್ಕೇ ಎರಡನೇ ಪ್ರಶ್ನೆ ಬೇಕು. ಆದರೆ "ಎಂತಕ್ಕೆ?" ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದರೆ ಪೊಲೀಸ್ ವಿಚಾರಣೆ ಆಗುತ್ತದೆ. "ಸ್ವಲ್ಪ ಹೇಳಿ, ಯಾವುದರ ಬಗ್ಗೆ ನೋಡ್ತಾ ಇದ್ದೀರಿ?" ಎನ್ನಿ. ಕೇಳಿ ಸುಮ್ನೆ ಇರಿ. ಅವರೇ ಹೇಳುತ್ತಾರೆ. ಕಂಪ್ಯೂಟರ್ ಕಡೆ ಆಗಲೇ ತಿರುಗಬೇಡಿ, ತಿರುಗಿದರೆ ಅವರು ಮಾತು ನಿಲ್ಲಿಸುತ್ತಾರೆ.

ಅದೇ ಹಿರಿಯರು ಪುಟ ನೋಡಿದ ಮೇಲೆ ನನ್ನನ್ನು ಕೇಳಿದರು: "ಹಾಗಾದ್ರೆ ಜಾಗ ನಮಗೆ ಸಿಗ್ತದಾ ಮಗಾ?" ಇಲ್ಲಿ ಬಾಯಿ ಬಿಡಬಾರದು. ಕಾನೂನು, ಕಾಯಿಲೆ, ಜಾತಕ, ಈ ಮೂರರಲ್ಲಿ ಪುಟ ತೋರಿಸುವುದಷ್ಟೇ ನಮ್ಮ ಕೆಲಸ. "ಅದನ್ನು ವಕೀಲರೇ ಹೇಳ್ಬೇಕು, ಈ ಪುಟದ ಜೆರಾಕ್ಸ್ ಮಾಡಿ ಕೊಡ್ತೇನೆ" ಎಂದೆ. ಆ ದಿನ ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಮಕ್ಕಳ ಪ್ರಶ್ನೆ ಇನ್ನೂ ಚಿಕ್ಕದು. "ಕಾರಂತರ ಬಗ್ಗೆ ಪುಸ್ತಕ ಕೊಡಿ, ಪ್ರಾಜೆಕ್ಟ್" ಎನ್ನುತ್ತಾರೆ. ಉಡುಪಿಯಲ್ಲಿ ಕಾರಂತರು ಎಂದರೆ ಕೋಟದ ಶಿವರಾಮ ಕಾರಂತರೇ ಎಂದು ನಾವು ತೆಗೆದುಕೊಡುತ್ತೇವೆ. ಮರುದಿನ ಹುಡುಗ ವಾಪಸ್ ಬರುತ್ತಾನೆ. ಟೀಚರ್ ಹೇಳಿದ್ದು ನಾಟಕದ ಬಿ.ವಿ. ಕಾರಂತರ ಬಗ್ಗೆ, ಬಂಟ್ವಾಳ ಕಡೆಯವರು. ಶಿವರಾಮ ಕಾರಂತರೂ ನಾಟಕ, ಯಕ್ಷಗಾನ ಎಲ್ಲ ಮಾಡಿದವರಾದ್ದರಿಂದ ಹುಡುಗನಿಗೂ ಮನೆಗೆ ಹೋಗುವವರೆಗೆ ಸಂಶಯ ಬಂದಿರುವುದಿಲ್ಲ. ಯಾವ ಕಾರಂತರು, ಎಷ್ಟನೇ ಕ್ಲಾಸು, ಎಷ್ಟು ಪುಟ ಬರೆಯಬೇಕು, ಇಷ್ಟು ಕೇಳಿದರೆ ಮುಗಿಯಿತು.

ಕಪಾಟುಗಳ ನಡುವೆ ನಡೆಯಿರಿ. ದಿನಾ ಬೆಳಿಗ್ಗೆ ಅರ್ಧ ಗಂಟೆ, ಕೈಯಲ್ಲಿ ಏನೂ ಇಲ್ಲದೆ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವ ಕಡೆ ಕನ್ನಡ ಸಾಹಿತ್ಯ 894.814ರಲ್ಲಿ ಇರುತ್ತದೆ, ಕರ್ನಾಟಕದ ಇತಿಹಾಸ 954.87ರಲ್ಲಿ. ಇದು ಪುಸ್ತಕದಲ್ಲಿ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ, ಕಾಲಿಗೆ ಅಭ್ಯಾಸ ಆಗಬೇಕು. ಯಕ್ಷಗಾನವನ್ನೇ ನೋಡಿ. ಪ್ರದರ್ಶನದ ಬಗ್ಗೆ ಬರೆದದ್ದು 792ರ ಹತ್ತಿರ, ಪ್ರಸಂಗದ ಪುಸ್ತಕ ಸಾಹಿತ್ಯದಲ್ಲಿ, ಜನಪದ ಎಂದುಕೊಂಡು ಯಾರೋ ಹಾಕಿದ್ದು 398ರಲ್ಲಿ. ಮೂರು ಕಡೆ ನಡೆಯಬೇಕು. ಒಂದೇ ಕಪಾಟು ನೋಡಿ "ಇಲ್ಲ" ಎಂದರೆ ಅದು ಸುಳ್ಳು.

ಇನ್ನು ಕಂಪ್ಯೂಟರಿನಲ್ಲಿ ಹುಡುಕುವುದು. ಲೈಬ್ರರಿಯ ಪುಸ್ತಕ ಪಟ್ಟಿಗೆ ಬಹಳ ಕಡೆ ಕೋಹಾ ಎಂಬ ಸಾಫ್ಟ್‌ವೇರ್ ಇದೆ, ಕೆಲವು ಕಡೆ ಇ-ಗ್ರಂಥಾಲಯ ಅಥವಾ ಸೋಲ್. ಯಾವುದಿದ್ದರೂ ತೊಂದರೆ ಒಂದೇ: ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೊಡೆದಿರುತ್ತಾರೆ. ಕಾರಂತ ಎಂಬಲ್ಲಿ ಒಬ್ಬರು ಕೊನೆಗೆ ಎಚ್ ಹಾಕಿರುತ್ತಾರೆ, ಇನ್ನೊಬ್ಬರು ಎ, ಮತ್ತೊಬ್ಬರು ಬರೇ ಟಿಗೆ ನಿಲ್ಲಿಸಿರುತ್ತಾರೆ. ಟಿವರೆಗೆ ಹೊಡೆದು ಪಕ್ಕದಲ್ಲಿ ನಕ್ಷತ್ರದ ಚಿಹ್ನೆ ಹಾಕಿ, ಕೋಹಾದಲ್ಲಿ ಮೂರೂ ಬರುತ್ತವೆ. ಭಟ್, ಶೆಣೈ ಇವರನ್ನೂ ಹಾಗೆಯೇ ಹಿಡಿಯಬೇಕು.

ಊರಿನ ಹೆಸರಂತೂ ಇನ್ನೊಂದು ತಲೆನೋವು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಹಿಂದಿನದ್ದೆಲ್ಲ ದಕ್ಷಿಣ ಕನ್ನಡದ ಹೆಸರಿನಲ್ಲಿ ಇರುತ್ತದೆ. 1956ಕ್ಕಿಂತ ಹಿಂದೆ ಹೋದರೆ ನಾವು ಮದ್ರಾಸ್‌ನವರು, ಆಗ ಸೌತ್ ಕೆನರಾ ಎಂದು ಹುಡುಕಬೇಕು, ಅದರಲ್ಲೂ ಕೆನರಾಕ್ಕೆ ಸಿ ಹಾಕಿದವರೂ ಇದ್ದಾರೆ, ಕೆ ಹಾಕಿದವರೂ ಇದ್ದಾರೆ. ಕುಂದಾಪುರದ ಬಗ್ಗೆ ಪಿಎಚ್‌.ಡಿ. ಮಾಡುವ ಒಬ್ಬಳು ಹುಡುಗಿ "ಉಡುಪಿ ಡಿಸ್ಟ್ರಿಕ್ಟ್" ಎಂದು ಹೊಡೆದು, ಏನೂ ಸಿಗುವುದಿಲ್ಲ ಅಂತ ಒಂದು ವಾರ ಸೋತು ಕೂತಿದ್ದಳು. ಬ್ರಿಟಿಷ್ ಅಧಿಕಾರಿ ಸ್ಟರಕ್ ಬರೆದ 1894ರ ಸೌತ್ ಕೆನರಾ ಮ್ಯಾನ್ಯುಯಲ್, ಅಂದರೆ ಜಿಲ್ಲೆಯ ವಿವರಗಳ ಪುಸ್ತಕ, ತೋರಿಸಿದ ಮೇಲೆ ನನ್ನ ಮೇಜಿನ ಎದುರೇ ಮಧ್ಯಾಹ್ನದ ಊಟ ಬಿಟ್ಟು ಓದಿದಳು. ಮೂಲಗೇಣಿ, ಚಾಲಗೇಣಿ ಅಂದರೆ ಏನು ಅಂತ ಕೇಳುವವರಿಗೂ ನಾನು ಅದನ್ನೇ ತೆಗೆದುಕೊಡುವುದು.

ಕೈಗೆಟಕುವ ಹಾಗೆ ಎರಡು ನಿಘಂಟು ಇಟ್ಟುಕೊಳ್ಳಿ. ಒಂದು ಕಿಟೆಲ್, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾದದ್ದು. ಇನ್ನೊಂದು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು, ಆರು ಸಂಪುಟ. ಅಜ್ಜಿ ಹೇಳುತ್ತಿದ್ದ ಒಂದು ಶಬ್ದದ ಅರ್ಥ ಕೇಳಿಕೊಂಡು ಬರುವವರು ನೀವು ಎಣಿಸಿದ್ದಕ್ಕಿಂತ ಜಾಸ್ತಿ.

ಮಳೆಗಾಲದಲ್ಲಿ ಬೂಷ್ಟು ಹಿಡಿದ ಪುಸ್ತಕ ಸಿಕ್ಕಿದರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಡಿ, ಬಿಸಿಲಿಗೂ ಇಡಬೇಡಿ. ಬೇರೆ ಪುಸ್ತಕಗಳಿಂದ ದೂರ, ಗಾಳಿಯಾಡುವ ಕಡೆ ನಿಲ್ಲಿಸಿ ಒಣಗಿಸಿ, ಆಮೇಲೆ ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ.

ಹಾಂ, ನಿಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಕಾಲು ಭಾಗ ಟಾಯ್ಲೆಟ್ ಎಲ್ಲಿ, ಮೊಬೈಲ್ ಚಾರ್ಜ್ ಮಾಡಬಹುದಾ ಎಂಬುವು. ಅದಕ್ಕೂ ನಗುತ್ತಾ ಉತ್ತರ ಕೊಡಿ. ಚಾರ್ಜರ್ ಕೇಳಲು ಬಂದವರೇ ನಾಳೆ ಗೇಣಿ ಚೀಟು ತರುತ್ತಾರೆ.

ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಹುಡುಕಿ ಇಡ್ತೇನೆ, ಯಾವಾಗ ಬರ್ತೀರಿ?" ಎನ್ನಿ. ಹೇಳಿದ ಮೇಲೆ ಬರೆದಿಡಲೇಬೇಕು. ನನ್ನದು ಇನ್ನೂರು ಪುಟದ ಒಂದು ನೋಟ್‌ಬುಕ್. ತಾರೀಕು, ಏನು ಕೇಳಿದರು, ನಿಜಕ್ಕೂ ಏನು ಬೇಕಿತ್ತು, ಎಲ್ಲಿ ಸಿಕ್ಕಿತು, ಅಷ್ಟೇ. ಕೇಳಿದವರ ಹೆಸರು ಅದರಲ್ಲಿ ಬರೆಯುವುದಿಲ್ಲ, ಯಾರು ಏನು ಓದುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಾಗುವ ವಿಷಯ ಅಲ್ಲ ಅಲ್ವಾ. ಮುಗಿಯದ ಪ್ರಶ್ನೆಗಳನ್ನು ಸಂಜೆ ಹೊರಡುವಾಗ ಚೀಟಿಯಲ್ಲಿ ಬರೆದು ಮರುದಿನದ ಪಾಳಿಯವರಿಗೆ ಕೀಬೋರ್ಡ್ ಕೆಳಗೆ ಇಡುತ್ತೇನೆ. ನಿನ್ನೆ ಇಟ್ಟದ್ದು ಹೀಗಿತ್ತು: "ಎಂಟನೇ ಕ್ಲಾಸಿನ ಹುಡುಗ, ನೀಲಿ ಬ್ಯಾಗ್, ಶನಿವಾರ ಬರುತ್ತಾನೆ. ಬೇಕಾದದ್ದು ಬಿ.ವಿ. ಕಾರಂತರು. 792 ನೋಡಿ. ಕೋಟದವರದ್ದನ್ನು ಕೊಡಬೇಡಿ, ನಾನು ಆಗಲೇ ಕೊಟ್ಟಾಗಿದೆ."