ನುಡಿ ಫಾಂಟಿನ ನೋಟ್ಸ್ ಕಿವಿಗೆ ಕೇಳುವಂತೆ ಮಾಡಿದ್ದು

ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಲ್ಲಿ ಅಂಧ ವಿದ್ಯಾರ್ಥಿಗಳಿಗೆ ನೋಟ್ಸ್ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಇದರ ಬಗ್ಗೆ ಸಿಗುವ ಸಲಹೆಗಳು ಸಾಮಾನ್ಯವಾಗಿ ಚಿತ್ರಕ್ಕೆ ವಿವರಣೆ ಬರೆಯಿರಿ, ಬಣ್ಣ ಎದ್ದು ಕಾಣಲಿ ಅಂತ ಶುರುವಾಗುತ್ತವೆ. ಕನ್ನಡ ಫೈಲುಗಳಲ್ಲಿ ಅದಕ್ಕೂ ಮೊದಲು ಅಕ್ಷರವನ್ನೇ ಸರಿ ಮಾಡಬೇಕು.

ಮೇಷ್ಟ್ರುಗಳ ಹತ್ತಿರ ಇರುವ ನೋಟ್ಸ್ ಬಹುಪಾಲು ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನವು. ಪರದೆಯ ಮೇಲೆ ಚಂದದ ಕನ್ನಡ. ಆದರೆ ‘ಕನ್ನಡ’ ಅನ್ನುವ ಪದದ ಒಳಗೆ ನಿಜವಾಗಿ ಇರುವುದು ಪಿ, ಪೌಂಡ್ ಗುರುತು, ಕ್ಯೂ ಇಂಥವು. ಫಾಂಟು ಅವಕ್ಕೆ ಕನ್ನಡದ ಆಕಾರ ಕೊಡುತ್ತದೆ, ಅಷ್ಟೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಆಕಾರ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಹೊಸ ನುಡಿಯಲ್ಲಿ ನೇರವಾಗಿ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲೇ ಟೈಪ್ ಮಾಡಬಹುದು, ಆದರೆ ಹಳೆಯ ಫೈಲುಗಳು ತಾವಾಗಿ ಬದಲಾಗುವುದಿಲ್ಲ ಅಲ್ವಾ?

ಬದಲಾಯಿಸಲು ಉಚಿತ ಪರಿವರ್ತಕಗಳಿವೆ. ಇಡೀ ಫೈಲನ್ನು ಸುಮ್ನೆ ಅದರೊಳಗೆ ಸುರಿದರೆ ನಡುವಿನ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅದಕ್ಕೇ ನಾನು ವರ್ಡ್‌ನಲ್ಲಿ ಫಾಂಟಿನ ಹೆಸರು ಹಿಡಿದು ಹುಡುಕಿ, ನುಡಿಯಲ್ಲಿರುವ ಭಾಗಗಳನ್ನಷ್ಟೇ ಪರಿವರ್ತಿಸುತ್ತೇನೆ. ಆಮೇಲೆ ಅರ್ಕಾವತ್ತಿನ ಪದಗಳನ್ನು ಕಣ್ಣಾಡಿಸಿ ನೋಡುತ್ತೇನೆ, ತಪ್ಪು ಅಲ್ಲೇ ಜಾಸ್ತಿ.

ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು, ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ಗೂಗಲ್ ಡ್ರೈವ್‌ನ ಓಸಿಆರ್‌ಗೆ ಕೊಡುತ್ತೇನೆ. ಅಲ್ಲಿ ಬರುವ ಕಾಟವೇ ಬೇರೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಕೇಳುವವರಿಗೆ ಮಾತ್ರ ಪದದ ನಡುವೆ ‘ಸೊನ್ನೆ’ ಅಂತ ಬಂದು ಮಾತು ಮುರಿಯುತ್ತದೆ. ಅಕ್ಷರದ ಪಕ್ಕ ಅಂಟಿಕೊಂಡ ಸೊನ್ನೆಗಳನ್ನೆಲ್ಲ ಹುಡುಕಿ ಬದಲಿಸಿದರೆ ಮುಗಿಯಿತು. ಪ್ರೂಫ್ ನೋಡುವವರ ಕಣ್ಣಿಗೂ ಇದು ಬೀಳುವುದಿಲ್ಲ, ಆದ್ದರಿಂದ ಕಳಿಸುವ ಮೊದಲು ನಾನೇ ಒಮ್ಮೆ ಕಿವಿಯಲ್ಲಿ ಕೇಳುತ್ತೇನೆ.

“ಸರ್, ಮೂರನೇ ಘಟಕಕ್ಕೆ ಹೋಗೋಕೆ ಮೊದಲಿಂದ ಕೇಳ್ಬೇಕಾ?” ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದ್ದರು. ಅಕ್ಷರವನ್ನು ಸುಮ್ಮನೆ ದಪ್ಪ ಮಾಡಿದರೆ ಅದು ಶೀರ್ಷಿಕೆ ಅಂತ ಸ್ಕ್ರೀನ್ ರೀಡರ್‌ಗೆ ಗೊತ್ತಾಗುವುದಿಲ್ಲ. ವರ್ಡ್‌ನ ಹೆಡಿಂಗ್ ಸ್ಟೈಲ್ ಹಾಕಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ಪಿಡಿಎಫ್ ಬೇಕಾದರೆ ‘ಪ್ರಿಂಟ್’ ಮೂಲಕ ಮಾಡಬೇಡಿ, ಈ ಗುರುತುಗಳೆಲ್ಲ ಹೋಗುತ್ತವೆ. ‘ಸೇವ್ ಆ್ಯಸ್’ ಬಳಸಿ.

ಪುಸ್ತಕದ ಹಕ್ಕಿನ ಬಗ್ಗೆ ಮೇಷ್ಟ್ರುಗಳು ಅನುಮಾನ ಪಡುತ್ತಾರೆ. 2012ರ ತಿದ್ದುಪಡಿಯಾದ ಮೇಲೆ, ಅಂಗವಿಕಲರ ಬಳಕೆಗೆ ಲಾಭವಿಲ್ಲದೆ ಹೀಗೆ ಮಾಡಿಕೊಡಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಟ್ಟಿದೆ. ಅದರ ಒಂದು ಪ್ರತಿ ನನ್ನ ಮೇಜಿನ ಮೇಲೇ ಇದೆ.

ನನಗೆ ಜಾಸ್ತಿ ಹೊತ್ತು ಹಿಡಿಸಿದ್ದು ಕನ್ನಡ ಎಂ.ಎ.ಯ ಛಂದಸ್ಸು. ಪದ್ಯದ ಸಾಲಿನ ಮೇಲೆ ಗುರು ಲಘು ಗುರುತು ಹಾಕಿ ಪ್ರಸ್ತಾರ ಮಾಡಿರುತ್ತಾರೆ. ಸ್ಕ್ರೀನ್ ರೀಡರ್ ಮೊದಲು ಮೇಲಿನ ಸಾಲಿನ ಗುರುತುಗಳನ್ನೆಲ್ಲ ಓದಿ, ಆಮೇಲೆ ಪದ್ಯ ಓದುತ್ತದೆ. ಯಾವ ಗುರುತು ಯಾವ ಅಕ್ಷರದ್ದು ಅಂತ ಕೇಳುವವರಿಗೆ ತಿಳಿಯುವುದು ಹೇಗೆ? ಈಗ ಸಾಲನ್ನು ಗಣಗಳಾಗಿ ಒಡೆದು, ಪ್ರತಿಯೊಂದರ ಮುಂದೆ ‘ಗುರು ಲಘು ಲಘು, ಭಗಣ’ ಅಂತ ಪದಗಳಲ್ಲೇ ಬರೆಯುತ್ತೇವೆ. ಮಾತ್ರಾಗಣವಾದರೆ ಮಾತ್ರೆಗಳ ಎಣಿಕೆಯನ್ನೂ ಸೇರಿಸುತ್ತೇವೆ. ಪುಟ ಮೂರು ಪಟ್ಟು ಉದ್ದವಾಗುತ್ತದೆ, ಆಗಲಿ. ಕಣ್ಣು ಕಾಣುವ ವಿದ್ಯಾರ್ಥಿಗಳೂ ಪರೀಕ್ಷೆಯ ಹೊತ್ತಿಗೆ ಇದೇ ಫೈಲು ಕೇಳಿಕೊಂಡು ಬರುತ್ತಾರೆ.